ಎಡಕ್ಕೆ ಕೆಂಪು

ದಿಕ್ಕಿನ ವಿಷಯದಲ್ಲಿ ಸೇಸಪ್ಪನಿಗೆ ಬುದ್ಧಿ ಹೇಳಲು ಹೋಗಬಾರದು ಎಂಬುದು ಕಾವೂರಿನ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರಾಯವಿದ್ದಾಗ ಬಂದರಿನ ಧಕ್ಕೆಯಿಂದ ಹೊರಡುವ ಮೀನಿನ ಬೋಟುಗಳಲ್ಲಿ ತಂಡೇಲನಾಗಿದ್ದವನು. ಚುಕ್ಕಾಣಿ ಹಿಡಿದು, ಬೋಟಿನಲ್ಲಿದ್ದ ಅಷ್ಟೂ ಜನರ ಜೀವಕ್ಕೆ ಹೊಣೆಯಾಗಿದ್ದವನು. ಈಗ ಆಟೋದಲ್ಲಿ ಕೂತರೂ ಡ್ರೈವರನಿಗೆ ದಾರಿ ಹೇಳದೆ ಇರಲಾರ. ಫೋನಿನ ಮ್ಯಾಪು ಬಲಕ್ಕೆ ತಿರುಗಿ ಎಂದರೆ, "ನಿನಗೆಂತ ಗೊತ್ತುಂಟು?" ಎಂದು ಫೋನಿಗೇ ಗದರಿಸುತ್ತಾನೆ. ಈ ಜಂಬವನ್ನು ಅವನಿಗೆ ಕೊಟ್ಟದ್ದು ಕಡಲು. ಕಡಲು ತೆಗೆದುಕೊಂಡದ್ದು ಅವನ ಬಲಗಿವಿಯನ್ನು. ವರ್ಷಗಟ್ಟಲೆ ಇಂಜಿನಿನ ಸದ್ದು ಕೇಳಿ ಕೇಳಿ ಆ ಕಿವಿ ಕೇಳುವುದನ್ನೇ ಬಿಟ್ಟಿತ್ತು.

ಹಾಗಾಗಿ ಹೆಂಡತಿ ಮೋಹಿನಿ ಅವನ ಎಡಕ್ಕೆ ಬಂದವಳು ಮತ್ತೆ ಬಲಕ್ಕೆ ಹೋಗಲಿಲ್ಲ. ನಡೆಯುವಾಗ ಎಡಕ್ಕೆ, ಊಟಕ್ಕೆ ಕೂತಾಗ ಎಡಕ್ಕೆ, ಮಲಗುವಾಗಲೂ ಎಡಕ್ಕೆ. ಅವಳು ಬಾಯಿ ತೆರೆಯುವ ಮೊದಲೇ ಅವನ ತಲೆ ಅವಳ ಕಡೆಗೆ ಬಾಗುತ್ತಿತ್ತು. ನೋಡಿದವರು ಇವನೆಂಥ ಹೆಂಡತಿಯ ದಾಸ ಎಂದು ನಗುತ್ತಿದ್ದರು. ಅವನು ನಗಲಿ ಬಿಡಿ ಎಂದು ಇನ್ನಷ್ಟು ಬಾಗುತ್ತಿದ್ದ.

ಈಗ ಮೋಹಿನಿಗೆ ಸ್ವರವಿಲ್ಲ. ಹನ್ನೆರಡು ವರ್ಷದ ಹಿಂದೆ ಗಂಟಲಿನಲ್ಲಿ ಗಡ್ಡೆ ಬಂದು, ಸ್ವರಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದರು. ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಉಳಿಯಿತು, ಉಸಿರಾಟವೆಲ್ಲ ಅದರಲ್ಲೇ. ತೂತಿನ ಮೇಲೆ ತೆಳ್ಳಗಿನ ಬಟ್ಟೆ, ಬಟ್ಟೆ ಜಾರದ ಹಾಗೆ ಬಿಳಿ ಪ್ಲಾಸ್ಟರ್. ತುಟಿ ಮಾತಾಡುತ್ತದೆ, ಸದ್ದು ಬರುವುದಿಲ್ಲ. ಮನೆಯವರು ಕೈಸನ್ನೆಗೆ ಒಗ್ಗಿಹೋದರು. ಉದ್ದದ ಮಾತಿದ್ದರೆ ಸ್ಲೇಟಿನಲ್ಲಿ ಬರೆಯುತ್ತಾಳೆ.

ಹೀಗೆಯೇ ದಿನ ಹೋಗುತ್ತಿತ್ತು, ಇನ್ನೂ ಹೋಗುತ್ತಿತ್ತೇನೋ. ಒಂದು ಭಾನುವಾರ ಮಗಳು ಸೌಜನ್ಯ ದೇರೆಬೈಲಿನಿಂದ ತನ್ನ ಮಗು ಮೋಕ್ಷಾಳನ್ನು ಕರೆದುಕೊಂಡು ಬಂದಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಮೋಕ್ಷಾ ಅಜ್ಜನ ಬಟ್ಟಲಿನಿಂದ ಬಂಗುಡೆಯ ತುಂಡು ಎಗರಿಸುತ್ತ ಕೇಳಿದಳು.

"ಅಜ್ಜ, ಅಜ್ಜಿಯ ಸ್ವರ ಹೇಗಿತ್ತು?"

"ಎಂತ ಹೇಗಿತ್ತು? ಚಂದ ಇತ್ತು. ಭಜನಾ ಮಂದಿರದಲ್ಲಿ ಅವಳು ಹಾಡಿದ್ರೆ ಹೊರಗೆ ಬೀಡಿ ಎಳೀತಿದ್ದವ್ರೂ ಒಳಗೆ ಬರ್ತಿದ್ರು."

"ಚಂದ ಅಂದ್ರೆ ಹೇಗೆ? ಒಮ್ಮೆ ಮಾಡಿ ತೋರಿಸಿ."

ಸೇಸಪ್ಪ ಮಾಡಿ ತೋರಿಸಲು ಹೊರಟ. ಬಾಯಿ ತೆರೆದ. ನೆನಪಿಗೆ ಬಂದದ್ದು ಮೋಹಿನಿಯ ಮಾತುಗಳು. ಒದ್ದೆ ಕಾಲಿನಲ್ಲಿ ಒಳಗೆ ಬಂದದ್ದಕ್ಕೆ ಬೈದದ್ದು, ಬೋಟು ತಡವಾದ ದಿನ ಬಾಗಿಲಲ್ಲಿ ನಿಂತು ಅತ್ತದ್ದು. ಸ್ವರ ಬರಲಿಲ್ಲ. ನೆನಪಿನೊಳಗೂ ಅವಳ ತುಟಿ ಮಾತ್ರ ಆಡುತ್ತಿತ್ತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಬಿರುಗಾಳಿಗೆ ಸಿಕ್ಕಿದ ದಿನಗಳಲ್ಲೂ ಹೆದರದ ಮನುಷ್ಯ ಅವತ್ತು ಅನ್ನದ ಬಟ್ಟಲಿನ ಮುಂದೆ ಹೆದರಿದ. ಎಡಕ್ಕೆ ಕೂತಿದ್ದ ಮೋಹಿನಿ ಅವನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಎಲ್ಲ ಅರ್ಥವಾಗಿತ್ತು.

ಅವಳ ಸ್ವರ ಉಳಿದಿದ್ದದ್ದು ಒಂದೇ ಒಂದು ಕಡೆ. ಆಪರೇಷನ್ ಆಗುವ ಕಾಲಕ್ಕೆ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಯಾರೂ ಏನೂ ಹಿಡಿದಿಟ್ಟಿರಲಿಲ್ಲ. ಆದರೆ ಅದಕ್ಕೂ ಎಷ್ಟೋ ಮೊದಲು, ಕಡಲ ಬದಿಯ ಹಳೆ ಮನೆಯಲ್ಲಿದ್ದಾಗ, ಮಗ ಲತೀಶ್ ಒಂದು ಕ್ಯಾಸೆಟ್ ಮಾಡಿದ್ದ. ಮೀನು ಚೆನ್ನಾಗಿ ಸಿಕ್ಕಿದ ಒಂದು ವರ್ಷ ಸೇಸಪ್ಪ, ದುಬೈಯಿಂದ ಬಂದವರೊಬ್ಬರ ಹತ್ತಿರ ಕ್ಯಾಸೆಟ್ ಡೆಕ್, ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇದ್ದ ಸೆಟ್ಟು ಕೊಂಡಿದ್ದ. ಕಾಲೇಜಿಗೆ ಹೋಗುತ್ತಿದ್ದ ಲತೀಶನಿಗೆ ಅದರದ್ದೇ ಹುಚ್ಚು. ಅಮ್ಮನ ಭಜನೆ ರೆಕಾರ್ಡ್ ಮಾಡುತ್ತೇನೆಂದು ಹಟ ಹಿಡಿದ. ಹಾರ್ಮೋನಿಯಂ ನುಡಿಸಲು ಮಂದಿರದ ಬೋಜಣ್ಣ ಬಂದು ಚಾವಡಿಯಲ್ಲಿ ಕೂತರು. ಮೋಹಿನಿಯದ್ದು ಒಂದೇ ಮಾತು: "ಬೋಜಣ್ಣನ ಎದುರು ಒಬ್ಬಳೇ ಹಾಡ್ಲಿಕ್ಕೆ ನಂಗೆ ನಾಚಿಕೆ ಆಗ್ತದೆ." ಹೇಳಿದವಳು ಅಡುಗೆಮನೆಗೆ ಹೋಗಿ ಮಣೆ ಹಾಕಿ ಕೂತೇಬಿಟ್ಟಳು. ಲತೀಶ್ ಉದ್ದದ ವಯರು ಎಳೆದು ಒಂದು ಮೈಕನ್ನು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿದ, ಇನ್ನೊಂದನ್ನು ಚಾವಡಿಯಲ್ಲಿಟ್ಟ. ಹೀಗಾಗಿ ಆ ಕ್ಯಾಸೆಟ್ಟಿನಲ್ಲಿ ಅಮ್ಮ ಎಡದ ಸ್ಪೀಕರಿನಲ್ಲಿ ಹಾಡುತ್ತಿದ್ದಳು, ಬೋಜಣ್ಣನ ಹಾರ್ಮೋನಿಯಂ ಬಲದ ಸ್ಪೀಕರಿನಲ್ಲಿ ನುಡಿಯುತ್ತಿತ್ತು. ಯಾರೂ ಮರೆತು ಅದರ ಮೇಲೆ ಬೇರೆ ಏನಾದರೂ ರೆಕಾರ್ಡ್ ಮಾಡಬಾರದೆಂದು ಲತೀಶ್ ಕ್ಯಾಸೆಟ್ಟಿನ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದು ಹಾಕಿದ್ದ. ಅದು ಮುರಿದರೆ ರೆಕಾರ್ಡಿನ ಗುಂಡಿ ಕೆಳಗೆ ಹೋಗುವುದೇ ಇಲ್ಲ.

ಅಂಗಳವನ್ನು ಕಡಲು ಕೊರೆದ ಮೇಲೆ ಅವರು ಕಾವೂರಿಗೆ ಬಂದರು. ಮೋಹಿನಿಯ ಆಪರೇಷನ್ ಆದಮೇಲೆ ಸೆಟ್ಟು ಕ್ಯಾಸೆಟ್ಟಿನ ಸಮೇತ ಅಟ್ಟಕ್ಕೆ ಹೋಯಿತು. ಸ್ವರ ಕಳೆದುಕೊಂಡವಳ ಎದುರು ಅದೇ ಸ್ವರವನ್ನು ಹಾಕಿ ಕೂರುವಷ್ಟು ಗಟ್ಟಿ ಎದೆ ಸೇಸಪ್ಪನಿಗಿರಲಿಲ್ಲ. ಲತೀಶ್ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿಯ ಕೆಲಸಕ್ಕೆ ಹೋದ.

ಆ ಭಾನುವಾರದ ಮರುದಿನವೇ ಸೇಸಪ್ಪ ಸೆಟ್ಟು ಕೆಳಗಿಳಿಸಿದ. ಬಲದ ಸ್ಪೀಕರಿನ ಒಳಗೆ ಗೆದ್ದಲು ಸೇರಿ ಕಾಗದವೆಲ್ಲ ಹೋಗಿತ್ತು. ಎಡದ್ದು ಸರಿಯಿತ್ತು. ಮಸ್ಕತ್ತಿಗೆ ಫೋನು ಮಾಡಿದರೆ ಲತೀಶನಿಗೆ ಖುಷಿಯೋ ಖುಷಿ.

"ಒಂದು ಸ್ಪೀಕರ್ ಸಾಕು ಪಪ್ಪ. ಅಮ್ಮನ ಸ್ವರ ಇರುವುದು ಎಡದ್ರಲ್ಲಿ ಮಾತ್ರ. ಬೋಜಣ್ಣನ ಕಾಟವೇ ಇಲ್ಲ, ಅಮ್ಮನದ್ದು ಮಾತ್ರ ಕೇಳ್ತದೆ. ಡೆಕ್ಕಿನ ಬೆಲ್ಟು, ಪಿನ್ನಿನ ವಯರು ಹೊಸತು ಹಾಕಿಸಿ."

ಕೊಡಿಯಾಲ್‌ಬೈಲಿನಲ್ಲಿ ರಾಹಿಲಾ ಎಂಬವಳ ರಿಪೇರಿ ಅಂಗಡಿಯಲ್ಲಿ ಡೆಕ್ಕಿಗೆ ಬೆಲ್ಟು ಹಾಕಿಸಿದ್ದಾಯಿತು. ಎರಡೂ ತುದಿಯಲ್ಲಿ ಒಂದು ಕೆಂಪು, ಒಂದು ಬಿಳಿ ಪಿನ್ನಿದ್ದ ಹೊಸ ವಯರನ್ನು ಅವಳು ಕವರಿಗೆ ಹಾಕಿ ಕೊಟ್ಟಳು.

"ಸ್ವಿಚ್ ಆಫ್ ಮಾಡಿಯೇ ಹಾಕಿ ಅಜ್ಜ. ವಯರು ಹಿಡಿದು ಎಳೀಬೇಡಿ, ಪಿನ್ನಿನ ತಲೆ ಹಿಡಿದು ಸ್ವಲ್ಪ ತಿರುಗಿಸಿ ಒತ್ತಿ. ಕೆಂಪು ಕೆಂಪಿಗೆ, ಬಿಳಿ ಬಿಳಿಗೆ. ಗೊತ್ತಾಗ್ಲಿಲ್ಲಾಂದ್ರೆ ಒಂದು ಫೋಟೋ ಕಳಿಸಿ, ನಾನು ಹೇಳ್ತೇನೆ."

"ಬೋಟಿಗೆ ವಯರಿಂಗ್ ಮಾಡಿದವ ನಾನು ಮಗಾ. ಇದೆಂತ ದೊಡ್ಡ ವಿಷಯ?" ಎಂದು ಸೇಸಪ್ಪ ಕವರು ತೆಗೆದುಕೊಂಡು ಬಂದ. ಫೋಟೋ ಕಳಿಸುವ ಜಾತಿಯೇ ಅಲ್ಲ ಅವನು.

ಮನೆಗೆ ಬಂದು ಮಂಡಿಯೂರಿ ಕೂತು ಆಂಪ್ಲಿಫೈಯರಿನ ಹಿಂಬದಿ ನೋಡಿದ. ಕಡಲ ಬದಿಯ ಉಪ್ಪು ಗಾಳಿಗೆ ಪಿನ್ನು ಕೂರುವ ತೂತುಗಳೆಲ್ಲ ಕಿಲುಬು ಹಿಡಿದಿದ್ದವು. ಬೋಟಿನ ಬ್ಯಾಟರಿಯ ತಲೆ ಉಜ್ಜಿದ ಹಾಗೆ ಮರಳುಕಾಗದ ಹಿಡಿದು ಒಂದೊಂದನ್ನೂ ಉಜ್ಜಿದ. ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದ. ತೂತುಗಳ ಸುತ್ತ ಅಲ್ಲೋ ಇಲ್ಲೋ ಉಳಿದಿದ್ದ ಬಣ್ಣವೂ ಅದರ ಜೊತೆ ಹೋಯಿತು. ಕೆಲಸ ಎಂದರೆ ಹೀಗಿರಬೇಕು ಎಂದು ಅವನಿಗೆ ತೃಪ್ತಿ.

ವಯರಿನ ಒಂದು ತುದಿಯನ್ನು ಡೆಕ್ಕಿಗೆ ಹಾಕಿದ. ಅಲ್ಲಿ ಬಣ್ಣ ಉಳಿದಿತ್ತು, ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಇನ್ನೊಂದು ತುದಿ ಹಿಡಿದು ಆಂಪ್ಲಿಫೈಯರಿಗೆ ಬಂದರೆ ಅಲ್ಲಿ ಬಣ್ಣವಿಲ್ಲ, ತಗಡಿನಲ್ಲಿ ಕೊರೆದ ಎಲ್ ಮತ್ತು ಆರ್ ಮಾತ್ರ. ಎಲ್ ಎಂದರೆ ಎಡ, ಆರ್ ಎಂದರೆ ಬಲ, ಅಷ್ಟು ಇಂಗ್ಲಿಷು ಅವನಿಗೂ ಬರುತ್ತದೆ. ಕೆಂಪು ಯಾವ ಕಡೆಗೆ? ಇದೊಂದು ಪ್ರಶ್ನೆಯೇ? ಬೋಟಿನ ಎಡಕ್ಕೆ ಕೆಂಪು ಲೈಟು, ಬಲಕ್ಕೆ ಹಸಿರು. ಕತ್ತಲಲ್ಲಿ ಎದುರು ಬರುವ ಬೋಟಿನ ಮೈ ಕಾಣದಿದ್ದರೂ ಆ ಕೆಂಪನ್ನು ನೋಡಿಯೇ ಅವನು ಒಂದು ಜೀವಮಾನ ಚುಕ್ಕಾಣಿ ತಿರುಗಿಸಿದ್ದ. ಕೆಂಪನ್ನು ಎಡಕ್ಕೆ ಒತ್ತಿದ, ಬಿಳಿಯನ್ನು ಬಲಕ್ಕೆ. ಪಿನ್ನಿನ ತಲೆ ಹಿಡಿದು, ಸ್ವಲ್ಪ ತಿರುಗಿಸಿ, ರಾಹಿಲಾ ಹೇಳಿದ ಹಾಗೆಯೇ.

ಮೋಹಿನಿಯನ್ನು ಕರೆದ. ಅವಳು ಕೈ ಒರೆಸಿಕೊಂಡು ಬಂದು ಅವನ ಎಡಕ್ಕೆ ಕೂತಳು. ಸೆರಗು ಸರಿಮಾಡಿಕೊಂಡಳು, ಯಾರೋ ನೆಂಟರು ಬರುವವರಿದ್ದಾರೆ ಎಂಬಂತೆ. ಸೇಸಪ್ಪ ಗುಂಡಿ ಒತ್ತಿದ.

ಹಾರ್ಮೋನಿಯಂ ಬಂತು. ಬೋಜಣ್ಣ ಸ್ವರ ಹಿಡಿದು, ಒಂದು ಸುತ್ತು ನುಡಿಸಿ, ನಿಲ್ಲಿಸಿದರು. ಅಲ್ಲಿ ಮೋಹಿನಿ ಹಾಡಬೇಕು. ಏನೂ ಬರಲಿಲ್ಲ. ಅವಳು ಹಾಡಿ ಮುಗಿಸುವಷ್ಟು ಹೊತ್ತು ಕಾದು ಬೋಜಣ್ಣ ಅವಳು ಹಾಡಿದ್ದನ್ನೇ ತಿರುಗಿ ನುಡಿಸಿದರು. ಮತ್ತೆ ನಿಲ್ಲಿಸಿದರು, ಮತ್ತೆ ಕಾದರು. ಸೇಸಪ್ಪ ಎಡಗಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದ. ತುಂಬ ದೂರದಲ್ಲಿ, ಮುಚ್ಚಿದ ಬಾಗಿಲಿನಾಚೆ ಏನೋ ಇದ್ದ ಹಾಗೆ ಒಮ್ಮೆ ಅನಿಸಿತು. ಹೊರಗೆ ರಸ್ತೆಯಲ್ಲಿ ಬಸ್ಸು ಹೋದದ್ದಿರಬೇಕು. ತಲೆಯೆತ್ತಿ ನೋಡಿದರೆ ಮೋಹಿನಿಯ ತುಟಿ ಆಡುತ್ತಿತ್ತು. ಬೋಜಣ್ಣ ನಿಲ್ಲಿಸಿದಲ್ಲೆಲ್ಲ ಅವಳು ತಪ್ಪದೆ ಹಾಡುತ್ತಿದ್ದಳು, ಸದ್ದಿಲ್ಲದೆ. ಅದನ್ನು ನೋಡಲಾಗದೆ ಅವನು ಮೆಷಿನ್ನು ನಿಲ್ಲಿಸಿದ.

"ಅಮ್ಮ ಇಲ್ಲ ಮಾರಾಯ ಇದ್ರಲ್ಲಿ," ಎಂದು ಅವನು ಫೋನಿನಲ್ಲಿ ಲತೀಶನಿಗೆ ಹೇಳಿದ. "ಬೋಜಣ್ಣ ಮಾತ್ರ ಇರೋದು."

"ರೀಲಿನ ಅಂಚು ಹೋಗಿರ್ಬೇಕು ಪಪ್ಪ," ಎಂದ ಲತೀಶ್. "ಎಡದ ಸ್ವರ ಕೂರುವುದು ರೀಲಿನ ಅಂಚಿನಲ್ಲಿಯೇ. ಬೂಸರು ಹಿಡಿದ್ರೆ ಮೊದಲು ಹೋಗುವುದೂ ಅದೇ. ಅಟ್ಟದಲ್ಲಿ ಇಷ್ಟು ವರ್ಷ ಇತ್ತಲ್ಲ. ಬಿಸಾಡ್ಬೇಡಿ, ಚೌತಿಗೆ ಬಂದಾಗ ಒಮ್ಮೆ ನೋಡ್ತೇನೆ."

ಓದಿದ ಮಗ, ಮೆಷಿನ್ನು ಬಲ್ಲ ಮಗ ಹೇಳಿದ ಮೇಲೆ ಇನ್ನೆಂತ? ಹೋಗಿದೆ ಎಂದರೆ ಹೋಗಿದೆ. ಬಿಸಾಡಬೇಡಿ ಎಂದಿದ್ದ, ಅವರು ಬಿಸಾಡಲಿಲ್ಲ. ಬಿಸಾಡಿದ್ದರೆ ಕಸದ ಗಾಡಿಯ ಹಿಂದೆ ಓಡಿಯಾದರೂ ತರಬಹುದಿತ್ತೇನೋ.

ಮುಂದಿನ ಸಲ ಬಂದಾಗ ಮೋಕ್ಷಾಳಿಗೆ ಸೆಟ್ಟಿನ ಪೆಟ್ಟಿಗೆಯಲ್ಲಿ ಎರಡು ಹಳೆ ಮೈಕು ಸಿಕ್ಕಿದವು.

"ಇದ್ರಲ್ಲಿ ಹಾಡಿದ್ರೆ ಒಳಗೆ ಹೋಗ್ತದಾ ಅಜ್ಜ?"

"ಹೋಗ್ತದೆ. ಆದ್ರೆ ಖಾಲಿ ಕ್ಯಾಸೆಟ್ ಈಗ ಎಲ್ಲಿ ಸಿಗ್ತದೆ?"

ಮೋಹಿನಿ ಎದ್ದು ಹೋಗಿ ಅದೇ ಕ್ಯಾಸೆಟ್ಟನ್ನು ತಂದು ಅವನ ಕೈಯಲ್ಲಿಟ್ಟಳು. ಸೇಸಪ್ಪ ಬೇಡ ಎಂದು ತಲೆಯಾಡಿಸಿದ. ಅವಳು ಸ್ಲೇಟು ತೆಗೆದುಕೊಂಡು ಬರೆದಳು: "ಬೋಜಣ್ಣನ ಹಾರ್ಮೋನಿಯಂ ಇಟ್ಟುಕೊಂಡು ಎಂತ ಮಾಡುವುದು? ಮಗುವಿನ ಸ್ವರವಾದರೂ ಇರಲಿ." ಅವಳ ಮುಖದಲ್ಲಿ ಬೇಸರವಿರಲಿಲ್ಲ. ಆಸೆಯಿತ್ತು. ಅದನ್ನು ನೋಡಿ ಅವನು ಒಪ್ಪಿಬಿಟ್ಟ.

ರೆಕಾರ್ಡಿನ ಗುಂಡಿ ಕೆಳಗೆ ಹೋಗಲಿಲ್ಲ. ಸೇಸಪ್ಪ ಕ್ಯಾಸೆಟ್ಟನ್ನು ತಿರುಗಿಸಿ, ಲತೀಶ್ ಮುರಿದ ಚೂರಿನ ಜಾಗ ಹುಡುಕಿದ. ಅದರ ಮೇಲೆ ಏನಾದರೂ ಅಂಟಿಸಿದರೆ ಮೆಷಿನ್ನು ಮೋಸ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮೋಹಿನಿ ತನ್ನ ಕುತ್ತಿಗೆಗೆ ಇಟ್ಟುಕೊಂಡಿದ್ದ ಪ್ಲಾಸ್ಟರಿನ ಸುರುಳಿಯಿಂದ ಒಂದು ತುಂಡು ಹರಿದು ಕೊಟ್ಟಳು. ಅವನು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದ. ಗುಂಡಿ ಕೆಳಗೆ ಹೋಯಿತು.

ಮೋಕ್ಷಾ ಎರಡೂ ಮೈಕಿನ ನಡುವೆ ಮಂತ್ರಿಯ ಹಾಗೆ ಕೂತು ಶಾಲೆಯ ಹಾಡು ಹಾಡಿದಳು, ಮಗ್ಗಿ ಹೇಳಿದಳು, ತನ್ನ ಟೀಚರು ಬೈಯುವ ಹಾಗೆ ಬೈದು ತೋರಿಸಿದಳು. ಮತ್ತೆ ಬೇಸರ ಬಂದು ಪಕ್ಕದ ಮನೆಯ ಬೆಕ್ಕಿನ ಮರಿ ನೋಡಲು ಓಡಿದಳು. ಸೇಸಪ್ಪ ಮೆಷಿನ್ನು ನಿಲ್ಲಿಸಲಿಲ್ಲ.

"ಈಗ ನಿಲ್ಲಿಸಿದ್ರೆ ಮಗುವಿನ ಬೆನ್ನಿಗೇ ಬೋಜಣ್ಣ ಬರ್ತಾರೆ," ಎಂದು ಮೋಹಿನಿಗೆ ಹೇಳಿದ. "ಪೂರ್ತಿ ಅಳಿಸಿಬಿಡುವ."

ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವನಿಗಿರಲಿಲ್ಲ. ರೀಲು ಮುಗಿದು ಗುಂಡಿ ತಾನೇ ಮೇಲೆ ಬರುವವರೆಗೆ ಗಂಡ ಹೆಂಡತಿ ಮೈಕುಗಳ ಮುಂದೆ ಸುಮ್ಮನೆ ಕೂತಿದ್ದರು.

ಆಮೇಲಿನ ದಿನಗಳು ಚೆನ್ನಾಗಿಯೇ ಇದ್ದವು. ಇದನ್ನು ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ಇದ್ದವು. ಮೋಹಿನಿ ದಿನಾ ಮಧ್ಯಾಹ್ನ ಕ್ಯಾಸೆಟ್ ಹಾಕಿ, ಸ್ಪೀಕರಿನ ಮೇಲೆ ಅಂಗೈ ಇಟ್ಟು, ಮಗುವಿನ ಸ್ವರ ಕೈಗೆ ನಡುಗುವುದನ್ನು ಅನುಭವಿಸುತ್ತಿದ್ದಳು. ಟೀಚರು ಬೈಯುವ ಜಾಗ ಬಂದರೆ ಭುಜ ಕುಣಿಸಿ ನಗುತ್ತಿದ್ದಳು.

ಚೌತಿಯ ಹಿಂದಿನ ದಿನ ಲತೀಶ್ ಬಂದ. ಬರುವಾಗ ಬಲದ ಬದಿಗೆಂದು ಒಂದು ಸ್ಪೀಕರ್ ತಂದಿದ್ದ. ಬಟ್ಟೆ ಕೂಡ ಬದಲಿಸದೆ ಆಂಪ್ಲಿಫೈಯರಿನ ಹಿಂದೆ ಬಗ್ಗಿದವನು ಹಾಗೆಯೇ ನಿಂತ.

"ಪಪ್ಪ, ಇಲ್ಲಿ ಕೆಂಪು ಎಡಕ್ಕೆ ಹಾಕಿದ್ದು ಯಾರು?"

"ನಾನೇ. ಎಂತ? ಕೆಂಪು ಎಡಕ್ಕೇ ಅಲ್ವಾ?"

"ಅದು ಬೋಟಿನಲ್ಲಿ ಮಾರಾಯ್ರೆ! ಇದ್ರಲ್ಲಿ ಕೆಂಪು ಬಲ, ಬಿಳಿ ಎಡ!" ಲತೀಶ್ ಜೋರಾಗಿ ನಕ್ಕ. ಖುಷಿಗೆ ಅವನ ಕಣ್ಣು ತುಂಬಿತ್ತು. "ಡೆಕ್ಕಿನಲ್ಲಿ ಸರಿ ಹಾಕಿ ಇಲ್ಲಿ ಉಲ್ಟಾ ಹಾಕಿದ್ದೀರಿ. ಬೋಜಣ್ಣ ಈ ಸ್ಪೀಕರಿಗೆ ಬಂದ್ರು, ಅಮ್ಮ ಹೋದದ್ದು ಹಾಳಾದ ಸ್ಪೀಕರಿಗೆ. ರೀಲಿಗೆ ಎಂತದೂ ಆಗಿಲ್ಲ ಪಪ್ಪ, ಬೂಸರೂ ಇಲ್ಲ, ಎಂತದೂ ಇಲ್ಲ. ಅಮ್ಮ ಅದ್ರಲ್ಲೇ ಉಂಟು! ಅಮ್ಮಾ, ಬಾ ಇಲ್ಲಿ, ನಿನ್ನ ಸ್ವರ ಉಂಟು!"

ಮೋಹಿನಿ ಕಡುಬಿನ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಒಂದು ಗಳಿಗೆ ಅವಳ ಮುಖ ಅರಳಿದ್ದನ್ನು ಸೇಸಪ್ಪ ನೋಡಿದ. ಹನ್ನೆರಡು ವರ್ಷದಲ್ಲಿ ಅಂಥ ಮುಖವನ್ನು ಅವನು ನೋಡಿರಲಿಲ್ಲ. ಆಮೇಲೆ ಅವಳ ಕಣ್ಣು ಡೆಕ್ಕಿನ ಕಡೆಗೆ ಹೋಯಿತು. ಅವನದ್ದೂ ಹೋಯಿತು.

ಲತೀಶ್ ಪಿನ್ನುಗಳನ್ನು ತಲೆ ಹಿಡಿದು ಕಿತ್ತು ಸರಿಯಾಗಿ ಹಾಕಿದ, ತಂದಿದ್ದ ಸ್ಪೀಕರನ್ನು ಬಲಕ್ಕೆ ಜೋಡಿಸಿದ. ಮುಂದೆ ಬಂದು ಡೆಕ್ಕಿನಿಂದ ಕ್ಯಾಸೆಟ್ ತೆಗೆದ. ರೀಲು ಸರಿಯಿದೆಯೇ ಎಂದು ನೋಡಲು ತಿರುಗಿಸಿದವನ ಹೆಬ್ಬೆರಳಿಗೆ ಬೆನ್ನಿನ ಮೇಲಿನ ಬಿಳಿ ಪ್ಲಾಸ್ಟರ್ ತಾಗಿತು. ಅವನು ಅದನ್ನು ನೋಡಿದ, ಅಮ್ಮನ ಕುತ್ತಿಗೆಯನ್ನು ನೋಡಿದ.

"ಇದೆಂತ ಪಪ್ಪ?"

ಸೇಸಪ್ಪ ಮೈಕುಗಳ ಕಡೆಗೆ ಕೈ ತೋರಿಸಿದ.

ಆದರೂ ಲತೀಶ್ ಹಾಕಿ ನೋಡಿದ. ಎರಡೂ ಸ್ಪೀಕರಿನಿಂದ ಮೋಕ್ಷಾ ಚಂದವಾಗಿ, ಸ್ಪಷ್ಟವಾಗಿ ಹಾಡಿದಳು. ಓಡಿಸಿ ನಿಲ್ಲಿಸಿದ, ಮಗ್ಗಿ. ಮತ್ತೆ ಓಡಿಸಿ ನಿಲ್ಲಿಸಿದ, ಟೀಚರು. ಕೊನೆಯ ಭಾಗಕ್ಕೆ ಬಂದ, ಮಗು ಓಡಿಹೋದ ಮೇಲಿನದ್ದಕ್ಕೆ. ಹಾಡಿನ ಒಂದು ತುಣುಕಾದರೂ ಉಳಿದಿರಬಹುದೆಂದು ಸದ್ದನ್ನು ಪೂರ್ತಿ ಏರಿಸಿದ. ಮೆಲ್ಲಗೆ ಏನೋ ಬಂತು, ಸುಯ್ ಎಂದು ಬಂದು, ನಿಂತು, ಮತ್ತೆ ಸುಯ್ ಎಂದು.

"ರೀಲಿನ ಸದ್ದು," ಎಂದ ಲತೀಶ್.

ಅದು ರೀಲಿನ ಸದ್ದಲ್ಲವೆಂದು ಸೇಸಪ್ಪನಿಗೆ ಗೊತ್ತಿತ್ತು. ಆ ಉಸಿರಿನ ಪಕ್ಕದಲ್ಲಿಯೇ ಅವನು ದಿನಾ ಮಲಗುತ್ತಾನೆ. ಗುಂಡಿ ತಾನೇ ಮೇಲೆ ಬಂತು.

ಲತೀಶ್ ಹೊರಗೆ ಹೋಗಿ ಜಗಲಿಯ ಮೆಟ್ಟಿಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅಂಚು ಹೋಗಿದೆ ಎಂದವನು ತಾನೇ ಎಂಬುದು ಅವನನ್ನು ತಿನ್ನುತ್ತಿತ್ತು.

ಒಳಗೆ ಸೇಸಪ್ಪ ನೆಲದಲ್ಲಿ ಕುಸಿದು ಕೂತಿದ್ದ. "ನಾನೇ ಅಳಿಸಿದ್ದು," ಎಂದ. "ಇತ್ತು ಮೋಹಿನಿ. ಇಷ್ಟು ವರ್ಷ ಇತ್ತು. ಪೂರ್ತಿ ಅಳಿಸುವ ಅಂತ ಕೂತದ್ದು ನಾನು." ಅವನಿಗೆ ಅಳು ಬಂತು. ಮುದುಕನ ಅಳು ನೋಡಲು ಚಂದವಿರುವುದಿಲ್ಲ, ಮೂಗು ಬಾಯಿ ಎಲ್ಲ ಒಂದಾಗಿ ಬಂತು.

ಮೋಹಿನಿ ಹತ್ತಿರ ಬಂದಳು. ಅವನ ಬಲಕ್ಕೆ ಜಾಗವಿತ್ತು, ಆದರೂ ಸುತ್ತು ಹಾಕಿ ಬಂದು ಎಡಕ್ಕೇ ಕೂತಳು. ಸ್ಲೇಟು ಕೈಗೆಟಕುವಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಬಾಯನ್ನು ಅವನ ಕಿವಿಯ ಹತ್ತಿರ ತಂದಳು. ಅವನ ತಲೆ ಹಿಂದಿನ ಹಾಗೆಯೇ ತಾನಾಗಿ ಅವಳ ಕಡೆಗೆ ಬಾಗಿತು.

ಅವಳು ಮಾತಾಡಿದಳು. ತುಟಿ ಅವನ ಕಿವಿಗೆ ತಾಗುತ್ತಿತ್ತು, ಹಾಗಾಗಿ ಅವನಿಗೆ ಅದನ್ನು ನೋಡಿ ಓದಲೂ ಆಗಲಿಲ್ಲ. ಬೈದಳೋ, ಸಮಾಧಾನ ಹೇಳಿದಳೋ, ಹಾಡಿದಳೋ, ಅವನಿಗೆ ಯಾವತ್ತೂ ಗೊತ್ತಾಗಲಿಲ್ಲ. ಬಹಳ ಹೊತ್ತು ಹೇಳಿದಳು. ಅವಳು ಮುಗಿಸುವವರೆಗೂ ಅವನು ಕಿವಿ ತೆಗೆಯಲಿಲ್ಲ.